ಗ್ರಾಫಿಕ್ಸ್ ಕಾರ್ಡ್ ಯಾವ ಸ್ಲಾಟಿಗೆ, ಎಸ್‌ಎಸ್‌ಡಿ ಯಾವ ಸ್ಲಾಟಿಗೆ? (ಪ್ರಶ್ನೋತ್ತರ)

ಪ್ರಶ್ನೆ: ಸರ್, ನನ್ನದು ಬಿ550 ಮದರ್‌ಬೋರ್ಡ್, ರೈಜನ್ 5 5600 ಪ್ರೊಸೆಸರ್. ಬೋರ್ಡಿನಲ್ಲಿ ಉದ್ದನೆಯ ಎಕ್ಸ್16 ಸ್ಲಾಟ್ ಎರಡು, ಚಿಕ್ಕ ಎಕ್ಸ್1 ಎರಡು, ಎಂ.2 (ಎಸ್‌ಎಸ್‌ಡಿ ಕೂರಿಸುವ ಕಿರು ಸ್ಲಾಟ್) ಎರಡು ಇವೆ. ಗ್ರಾಫಿಕ್ಸ್ ಕಾರ್ಡನ್ನು ಮೇಲಿನ ಸ್ಲಾಟಿಗೆ ಹಾಕಿದರೆ ಪ್ರೊಸೆಸರ್ ಕೂಲರಿಗೆ ತೀರಾ ಹತ್ತಿರ ಬರುತ್ತೆ. ಕೆಳಗಿನ ಸ್ಲಾಟೂ ಅಷ್ಟೇ ಉದ್ದ ಇದೆಯಲ್ಲ, ಅಲ್ಲಿಗೆ ಹಾಕಿದರೆ ನಡೆಯುತ್ತಾ?

ಉತ್ತರ: ಕಾರ್ಡ್ ಕೂರುತ್ತೆ, ಚಿತ್ರವೂ ಬರುತ್ತೆ. ಆದರೆ ಬೇಡ, ಮೇಲಿನದಕ್ಕೇ ಹಾಕಿ.

ಎರಡೂ ಸ್ಲಾಟಿನ ಪ್ಲಾಸ್ಟಿಕ್ ಒಂದೇ ಉದ್ದ, ಒಳಗಿನ ಸಂಪರ್ಕ ಒಂದೇ ಅಲ್ಲ. ಟಾರ್ಚ್ ಹಿಡಿದು ಸ್ಲಾಟಿನೊಳಗೆ ನೋಡಿ. ಮೇಲಿನದರಲ್ಲಿ ಹೊಂಬಣ್ಣದ ಪಿನ್ನುಗಳು ಈ ತುದಿಯಿಂದ ಆ ತುದಿವರೆಗೂ ಇರುತ್ತವೆ, ಒಟ್ಟು 164. ಕೆಳಗಿನದರಲ್ಲಿ ಮೊದಲ ಮೂರನೇ ಒಂದು ಭಾಗದಲ್ಲಿ ಮಾತ್ರ ಪಿನ್ ಇದ್ದು, ಉಳಿದದ್ದು ಖಾಲಿ ತೋಡು ಇರುವ ಸಾಧ್ಯತೆಯೇ ಹೆಚ್ಚು. 64 ಪಿನ್ ಅಂದರೆ ಎಕ್ಸ್4, ಅಂದರೆ ನಾಲ್ಕೇ ಲೇನ್ (ಡೇಟಾ ಓಡಾಡುವ ದಾರಿ). ಒಳಗೆ ಸರಿಯಾಗಿ ಕಾಣದಿದ್ದರೆ ಬೋರ್ಡ್ ತಿರುಗಿಸಿ, ಹಿಂಬದಿಯ ಬೆಸುಗೆ ಚುಕ್ಕಿಗಳನ್ನು ನೋಡಿ. ಅವು ಎಲ್ಲಿ ನಿಲ್ಲುತ್ತವೋ ಸ್ಲಾಟ್ ಅಲ್ಲಿಗೇ ಮುಗಿಯಿತು.

ಇನ್ನು ಆ ಲೇನುಗಳು ಎಲ್ಲಿಂದ ಬರುತ್ತವೆ ಅನ್ನೋದು. ಈ ಸ್ಲಾಟುಗಳ ಸಂಪರ್ಕ ಪದ್ಧತಿಯ ಹೆಸರು ಪಿಸಿಐಇ, 3.0, 4.0, 5.0 ಅನ್ನೋದು ಅದರ ತಲೆಮಾರು. 5600ರಲ್ಲಿ ಪಿಸಿಐಇ 4.0 ಲೇನುಗಳು ಒಟ್ಟು 24. ಅದರಲ್ಲಿ 16 ಮೇಲಿನ ಸ್ಲಾಟಿಗೆ, 4 ಮೊದಲ ಎಂ.2ಗೆ, ಉಳಿದ 4 ಚಿಪ್‌ಸೆಟ್ಟಿಗೆ (ಬೋರ್ಡಿನ ಮೇಲಿನ ಸಹಾಯಕ ಚಿಪ್). ಕೆಳಗಿನ ಉದ್ದ ಸ್ಲಾಟ್, ಎಕ್ಸ್1 ಸ್ಲಾಟುಗಳು, ಎರಡನೇ ಎಂ.2, ಸಾಟಾ (ಹಾರ್ಡ್ ಡಿಸ್ಕ್ ಕೇಬಲಿನ ಪೋರ್ಟ್), ನೆಟ್‌ವರ್ಕ್ ಪೋರ್ಟ್ ಎಲ್ಲವೂ ಬಹುತೇಕ ಬಿ550 ಬೋರ್ಡುಗಳಲ್ಲಿ ಚಿಪ್‌ಸೆಟ್ಟಿನ ಹಿಂದೆ ಇರುತ್ತವೆ. ಬಿ550 ಚಿಪ್‌ಸೆಟ್ ಪ್ರೊಸೆಸರಿನ ಜೊತೆ ಮಾತಾಡೋದು 3.0 ವೇಗದ ನಾಲ್ಕು ಲೇನಿನಲ್ಲಿ.

ಲೆಕ್ಕ ಸುಲಭ: ಒಂದು ಲೇನಿಗೆ ಸೆಕೆಂಡಿಗೆ 3.0ರಲ್ಲಿ ಸುಮಾರು 1 ಜಿಬಿ, 4.0ರಲ್ಲಿ 2, 5.0ರಲ್ಲಿ 4. ಮೇಲಿನ ಸ್ಲಾಟಿನಲ್ಲಿ ಸುಮಾರು 31.5 ಜಿಬಿ ಸಿಗುವ ಕಾರ್ಡಿಗೆ ಕೆಳಗೆ ಸಿಗೋದು 3.9. ಎಂಟರಲ್ಲಿ ಒಂದು ಪಾಲು. ಅದರಲ್ಲೂ ಚಿಪ್‌ಸೆಟ್ಟಿಗೆ ಸೇರಿದ ಬೇರೆಯವರ ಜೊತೆ ಹಂಚಿಕೆ.

ಕೂಲರಿಗೂ ಕಾರ್ಡಿಗೂ ನಡುವೆ ಕೆಲವೇ ಮಿಲಿಮೀಟರ್ ಇದ್ದರೂ ತೊಂದರೆ ಇಲ್ಲ, ತಾಗದಿದ್ದರೆ ಸಾಕು. ತಾಗುತ್ತಿದ್ದರೆ ಫ್ಯಾನಿನ ಕ್ಲಿಪ್ಪನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಇಲ್ಲವೇ ಕೂಲರನ್ನು ತಿರುಗಿಸಿ ಕೂರಿಸಿ.

ಪ್ರಶ್ನೆ (ಅದೇ ಸದಸ್ಯರು): ಹಾಗಾದರೆ ಎಸ್‌ಎಸ್‌ಡಿ? 4.0 ಎನ್‌ವಿಎಂಇ (ಪಿಸಿಐಇ ಲೇನ್ ಬಳಸುವ ಎಸ್‌ಎಸ್‌ಡಿ), ಓದುವ ವೇಗ 7000 ಎಂಬಿ ಅಂತ ಡಬ್ಬಿ ಮೇಲಿದೆ. ಮೊದಲ ಎಂ.2 ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲೇ ಇದೆ, ಬಿಸಿಗಾಳಿ ಹೊಡೆಯುತ್ತಲ್ಲ ಅಂತ ಎರಡನೆಯದಕ್ಕೆ ಹಾಕೋಣ ಅಂದುಕೊಂಡೆ.

ಉತ್ತರ: ಮೊದಲನೆಯದಕ್ಕೇ ಹಾಕಿ. ಎರಡನೆಯದು 3.0 ಆಗಿದ್ದರೆ ಆ 7000 ಅಲ್ಲಿ 3500ರ ಆಸುಪಾಸಿಗೆ ಇಳಿಯುತ್ತೆ. ನಿಜ ಹೇಳಬೇಕೆಂದರೆ ವಿಂಡೋಸ್ ತೆರೆಯೋದು, ಆಟ ಲೋಡ್ ಆಗೋದು, ಇದರಲ್ಲಿ ಆ ವ್ಯತ್ಯಾಸ ಗೊತ್ತೇ ಆಗಲ್ಲ. ದೊಡ್ಡ ವಿಡಿಯೋ ಫೈಲುಗಳನ್ನು ಆಚೀಚೆ ಮಾಡುವವರಿಗೆ ಗೊತ್ತಾಗುತ್ತೆ. ಆದರೂ ದುಡ್ಡು ಕೊಟ್ಟು ತಂದ ವೇಗ ಸುಮ್ಮನೆ ಯಾಕೆ ಬಿಡಬೇಕು.

ಬಿಸಿಗೆ ಮದ್ದು ಬೋರ್ಡಿನ ಜೊತೆ ಬಂದ ಹೀಟ್‌ಸಿಂಕ್. ಅದರ ಥರ್ಮಲ್ ಪ್ಯಾಡಿನ ಮೇಲೆ ತೆಳು ಪ್ಲಾಸ್ಟಿಕ್ ಪೊರೆ ಇರುತ್ತೆ, ಅದನ್ನು ಕಿತ್ತು ಹಾಕಿದ ಮೇಲೆಯೇ ಮುಚ್ಚಿ. ಪೊರೆ ಹಾಗೇ ಉಳಿದರೆ ಬಿಸಿ ಹೀಟ್‌ಸಿಂಕಿಗೆ ಸರಿಯಾಗಿ ದಾಟಲ್ಲ. ಎಸ್‌ಎಸ್‌ಡಿ ತಾನೇ ವೇಗ ತಗ್ಗಿಸಿಕೊಳ್ಳುತ್ತೆ, ನೀವು ಸ್ಲಾಟಿನ ಮೇಲೆ ಅನುಮಾನ ಪಡ್ತೀರಿ.

ಕೂರಿಸುವಾಗ: ಪವರ್ ಸಪ್ಲೈ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಕಂಪ್ಯೂಟರಿನ ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಹೋಗಲಿ. 2280 ಅಂದರೆ 22 ಮಿಮೀ ಅಗಲ, 80 ಮಿಮೀ ಉದ್ದ. ಸ್ಕ್ರೂ ಕೂರುವ ಹಿತ್ತಾಳೆ ಗುಬಟು 80ರ ತೂತಿನಲ್ಲೇ ಇದೆಯಾ ನೋಡಿಕೊಳ್ಳಿ. ಅದಿಲ್ಲದೆ ಸ್ಕ್ರೂ ಬಿಗಿದರೆ ಎಸ್‌ಎಸ್‌ಡಿ ಬಿಲ್ಲಿನಂತೆ ಬಾಗುತ್ತೆ. ಸುಮಾರು 30 ಡಿಗ್ರಿ ಓರೆಯಾಗಿ ಪೂರ್ತಿ ಒಳಗೆ ತಳ್ಳಿ. ಕೈ ಬಿಟ್ಟರೆ ತುದಿ ತಾನೇ ಮೇಲೆದ್ದು ನಿಲ್ಲಬೇಕು. ಆಮೇಲೆ ಒತ್ತಿ ಹಿಡಿದು ಸ್ಕ್ರೂ ಹಾಕಿ, ತಿರುಗೋದು ನಿಂತ ಕೂಡಲೇ ಬಿಡಿ. ಇದೆಲ್ಲ ಗ್ರಾಫಿಕ್ಸ್ ಕಾರ್ಡ್ ಹಾಕುವ ಮುಂಚೆಯೇ ಮುಗಿಸಿ, ಆಮೇಲೆ ಅಲ್ಲಿಗೆ ಬೆರಳು ಹೋಗಲ್ಲ.

ಇನ್ನೊಬ್ಬ ತಜ್ಞರು: ಮೇಲಿನ ಉತ್ತರ ಬಿ550ಗೆ ಸರಿ. ಆದರೆ "ಎಂ.2 ಅಂದರೆ ಯಾವಾಗಲೂ ಮೊದಲನೆಯದು" ಅಂತ ಯಾರೂ ಬಾಯಿಪಾಠ ಮಾಡಿಕೊಳ್ಳಬೇಡಿ. ಕೆಲವು ಬೋರ್ಡುಗಳಲ್ಲಿ ಆ ಮೊದಲನೆಯದೇ ಗ್ರಾಫಿಕ್ಸ್ ಕಾರ್ಡಿನ ಲೇನ್ ಕದಿಯೋದು.

ಪ್ರಶ್ನೆ: ನನ್ನ ಸಮಸ್ಯೆ ಬಹುಶಃ ಅದೇ! ಝಡ್790 ಬೋರ್ಡ್, ಐ7-13700ಕೆ, ಆರ್‌ಟಿಎಕ್ಸ್ 4070 ಟಿಐ. ಎಂ.2 ಐದಿವೆ. ಪ್ರೊಸೆಸರ್ ಹತ್ತಿರದ್ದಕ್ಕೆ 4.0 ಎಸ್‌ಎಸ್‌ಡಿ ಹಾಕಿದ ಮೇಲೆ ಕಾರ್ಡ್ ಎಕ್ಸ್8 ಅಂತ ತೋರಿಸ್ತಿದೆ. ಕಾರ್ಡ್ ಹಾಳಾಯ್ತಾ?

ಇನ್ನೊಬ್ಬ ತಜ್ಞರು: ಕಾರ್ಡಿಗೆ ಏನೂ ಆಗಿಲ್ಲ ಮೇಡಂ. 12ರಿಂದ 14ನೇ ತಲೆಮಾರಿನ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ 5.0 ಲೇನ್ ಇರೋದೇ 16, ಜೊತೆಗೆ 4.0 ಲೇನ್ 4. ಆ 16 ಗ್ರಾಫಿಕ್ಸಿಗೆ ಮೀಸಲು. ಬೋರ್ಡ್ ತಯಾರಕರಿಗೆ 5.0 ಎಂ.2 ಕೊಡಬೇಕೆಂದರೆ ಆ ಹದಿನಾರರಿಂದಲೇ ಎಂಟನ್ನು ಕಿತ್ತುಕೊಳ್ಳಬೇಕು. ಕಾರ್ಡಿಗೆ 8 ಉಳಿಯುತ್ತೆ, ಎಸ್‌ಎಸ್‌ಡಿ 4 ಬಳಸುತ್ತೆ, ಮಿಕ್ಕ 4 ವ್ಯರ್ಥ. ಹಾಕಿದ್ದು 4.0 ಎಸ್‌ಎಸ್‌ಡಿಯೇ ಆದರೂ ಇಷ್ಟೇ, ಆ ಸ್ಲಾಟಿನಲ್ಲಿ ಏನೋ ಇದೆ ಅಂತ ಗೊತ್ತಾದರೆ ಬೋರ್ಡ್ ಲೇನ್ ಒಡೆದುಬಿಡುತ್ತೆ.

4070 ಟಿಐ 4.0 ಕಾರ್ಡ್ ಆದ್ದರಿಂದ ಅದಕ್ಕೆ ಈಗ ಸಿಗೋದು 4.0 ಎಕ್ಸ್8, ಸೆಕೆಂಡಿಗೆ ಸುಮಾರು 15.8 ಜಿಬಿ. ಆಟದಲ್ಲಿ ಕಣ್ಣಿಗೆ ಬೀಳುವಷ್ಟು ನಷ್ಟವಲ್ಲ. ಆದರೆ 4.0 ಎಸ್‌ಎಸ್‌ಡಿಗೆ 5.0 ಸ್ಲಾಟಿನಿಂದ ಲಾಭವೂ ಸೊನ್ನೆ. ಮ್ಯಾನುಯಲ್ಲಿನಲ್ಲಿ "ಪ್ರೊಸೆಸರಿನಿಂದ, 4.0 ಎಕ್ಸ್4" ಅಂತ ಬರೆದಿರುವ ಎಂ.2 ಒಂದಿರುತ್ತೆ. ಅಲ್ಲಿಗೆ ಬದಲಿಸಿ, ಕಾರ್ಡ್ ಮತ್ತೆ ಎಕ್ಸ್16 ಆಗುತ್ತೆ. ಚಿಪ್‌ಸೆಟ್ಟಿನ ಎಂ.2 ಆದರೂ ಅಡ್ಡಿಯಿಲ್ಲ. ಝಡ್790ರಲ್ಲಿ ಚಿಪ್‌ಸೆಟ್ಟಿಗೆ 4.0 ವೇಗದ ಎಂಟು ಲೇನಿನ ದಾರಿ ಇದೆ, ಬಿ550ಯಷ್ಟು ಇಕ್ಕಟ್ಟಲ್ಲ.

ಎಎಂ5 (ಎಎಂಡಿಯ ಪ್ರೊಸೆಸರ್ ಸಾಕೆಟ್) ಬೋರ್ಡಿನವರಿಗೆ: ರೈಜನ್ 7000 ಮತ್ತು 9000 ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಚಿಪ್‌ಸೆಟ್ಟಿನ ನಾಲ್ಕು ಬಿಟ್ಟು 24 ಲೇನ್ ಸಿಗುತ್ತವೆ, 16 ಕಾರ್ಡಿಗೆ, ಎರಡು ಎಂ.2ಗೆ ನಾಲ್ಕು ನಾಲ್ಕು. ಹಾಗಾಗಿ ಅಲ್ಲಿ ಈ ಕಿತ್ತಾಟ ಕಡಿಮೆ. ಎಕ್ಸ್870 ಬೋರ್ಡುಗಳಲ್ಲಿ ಮಾತ್ರ ಯುಎಸ್‌ಬಿ4 ಕಡ್ಡಾಯ, ಅದಕ್ಕೆ ಸಾಮಾನ್ಯವಾಗಿ ಪ್ರೊಸೆಸರಿನ 4 ಲೇನ್ ಹೋಗುತ್ತೆ. ಎರಡನೇ ಎಂ.2 ಯಾರ ಜೊತೆ ಹಂಚಿಕೊಂಡಿದೆ ಅಂತ ನೋಡಿಯೇ ಕೊಳ್ಳಿ.

ಪ್ರಶ್ನೆ: ಮ್ಯಾನುಯಲ್ಲಿನಲ್ಲಿ ಇದು ಎಲ್ಲಿರುತ್ತೆ ಸರ್? ಇನ್ನೂರು ಪುಟ ಇದೆ.

ಉತ್ತರ: ಮೂರೇ ಕಡೆ. ಮೊದಲ ಪುಟಗಳ ವೈಶಿಷ್ಟ್ಯ ಪಟ್ಟಿಯಲ್ಲಿ ಎಕ್ಸ್‌ಪ್ಯಾನ್ಷನ್ ಸ್ಲಾಟ್ ಮತ್ತು ಸ್ಟೋರೇಜ್ ಅನ್ನೋ ಎರಡು ಸಾಲು, ಅದರ ಕೆಳಗೆ ನಕ್ಷತ್ರ ಗುರುತಿನ ಚಿಕ್ಕ ಅಕ್ಷರದ ಟಿಪ್ಪಣಿ, ಕೊಟ್ಟಿದ್ದರೆ ಬ್ಲಾಕ್ ಡಯಾಗ್ರಾಮ್ (ಯಾವುದು ಎಲ್ಲಿಗೆ ಸೇರಿದೆ ಅಂತ ತೋರಿಸುವ ಚಿತ್ರ). ಆ ನಕ್ಷತ್ರದ ಸಾಲೇ ಮುಖ್ಯ. "ಎಂ.2_2ರಲ್ಲಿ ಡಿಸ್ಕ್ ಇದ್ದರೆ ಸಾಟಾ 5, 6 ನಿಷ್ಕ್ರಿಯ", "ಎಂ.2_3 ಬಳಸಿದರೆ ಕೆಳಗಿನ ಎಕ್ಸ್4 ಸ್ಲಾಟ್ ಕೆಲಸ ಮಾಡದು" ಅನ್ನುವಂಥವೆಲ್ಲ ಅಲ್ಲೇ ಅಡಗಿರೋದು. ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆ ಹಾರ್ಡ್ ಡಿಸ್ಕ್ ಮಾಯವಾಯ್ತು ಅಂತ ಬರುವ ದೂರುಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಸಾಟಾ ಕೇಬಲನ್ನು ಬೇರೆ ಪೋರ್ಟಿಗೆ ಬದಲಿಸಿ, ಡಿಸ್ಕ್ ವಾಪಸ್ ಬರುತ್ತೆ.

ಪ್ರಶ್ನೆ: ಜಿಪಿಯು-ಝಡ್‌ನಲ್ಲಿ (ಕಾರ್ಡಿನ ವಿವರ ತೋರಿಸುವ ತಂತ್ರಾಂಶ) "ಎಕ್ಸ್16 4.0 @ ಎಕ್ಸ್16 1.1" ಅಂತ ಬರ್ತಿದೆ. 1.1 ಅಂದರೆ ತೀರಾ ಹಳೆಯದಲ್ವಾ?

ಉತ್ತರ: ಕೆಲಸವಿಲ್ಲದಾಗ ಕಾರ್ಡ್ ವಿದ್ಯುತ್ ಉಳಿಸಲು ವೇಗ ಇಳಿಸಿಕೊಳ್ಳುತ್ತೆ. ಆ ಸಾಲಿನ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ, ರೆಂಡರ್ ಟೆಸ್ಟ್ ಓಡಿಸಿ. 1.1 ಇದ್ದದ್ದು 4.0 ಆದರೆ ಎಲ್ಲ ಸರಿ ಇದೆ ಅಂತ ಅರ್ಥ.

ಭಾರ ಕೊಟ್ಟಾಗಲೂ ಲೇನ್ ಸಂಖ್ಯೆ ಕಡಿಮೆ ಇದ್ದರೆ ಈ ಕ್ರಮದಲ್ಲಿ ಹುಡುಕಿ. ಕಾರ್ಡೇ ಎಕ್ಸ್8 ಇರಬಹುದು: ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600, ಆರ್‌ಎಕ್ಸ್ 7600 ಇವೆಲ್ಲ ಉದ್ದ ಎಕ್ಸ್16ರಂತೆ ಕಂಡರೂ ಎಂಟೇ ಲೇನ್. ಆಮೇಲೆ ಎಂ.2 ಹಂಚಿಕೆ. ಅದೂ ಅಲ್ಲದಿದ್ದರೆ ಕಾರ್ಡ್ ಪೂರ್ತಿ ಕೂತಿಲ್ಲ: ಕೇಸಿನ ಹಿಂದಿನ ಸ್ಕ್ರೂ ಬಿಗಿದಾಗ ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೇಳುತ್ತೆ, ಭಾರಿ ಕಾರ್ಡುಗಳಲ್ಲಿ ಜೋತು ಬಿದ್ದೂ ಹೀಗಾಗುತ್ತೆ. ತೆಗೆದು, ಚಿನ್ನದ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿಸಿ, ಸ್ಲಾಟಿನ ತುದಿಯ ಕೊಂಡಿ "ಟಕ್" ಅನ್ನುವವರೆಗೆ ಒತ್ತಿ. ತೆಗೆಯುವಾಗ ಕಾರ್ಡಿನ ಕೆಳಗೆ ಅವಿತಿರುವ ಆ ಕೊಂಡಿಯನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಒತ್ತಿ, ಸ್ಕ್ರೂಡ್ರೈವರ್ ಬೇಡ, ಜಾರಿದರೆ ಬೋರ್ಡಿನ ಗೆರೆ ಹರಿಯುತ್ತೆ. ಕೊನೆಗೆ ಉಳಿಯೋದು ಪ್ರೊಸೆಸರ್ ಸಾಕೆಟ್ಟಿನ ಬಾಗಿದ ಪಿನ್ ಅಥವಾ ಒಂದೇ ಕಡೆ ಬಿಗಿದ ಕೂಲರ್.

ಎಸ್‌ಎಸ್‌ಡಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ತಂತ್ರಾಂಶದಲ್ಲಿ ಟ್ರಾನ್ಸ್‌ಫರ್ ಮೋಡ್ ಸಾಲು ನೋಡಿ. ಎಡಗಡೆ ಈಗ ಸಿಗುತ್ತಿರೋದು, ಬಲಗಡೆ ಡಿಸ್ಕಿಗೆ ಸಾಧ್ಯವಿರೋದು.

ಪ್ರಶ್ನೆ: ನನ್ನದೂ ಬಿ550, ಆದರೆ 5600ಜಿ. ರೆಂಡರ್ ಟೆಸ್ಟ್ ಓಡಿಸಿದರೂ 3.0 ದಾಟುತ್ತಿಲ್ಲ. ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಜೆನ್ 4, ಅಂದರೆ 4.0, ಅಂತ ಬದಲಿಸಿದರೂ ಅಷ್ಟೇ.

ಉತ್ತರ: ದಾಟೋದೂ ಇಲ್ಲ. ಹೆಸರು 5600ರ ಪಕ್ಕದ್ದಾದರೂ 5600ಜಿ ಬೇರೆ ಚಿಪ್, ಅದರಲ್ಲಿರೋದು ಪಿಸಿಐಇ 3.0. ಬೋರ್ಡ್ 4.0 ಅಂದರೂ ಪ್ರೊಸೆಸರ್ ಕೊಡಬೇಕಲ್ಲ. ಮೊದಲ ಎಂ.2ಗೂ ಇದೇ ಮಿತಿ. ಎಎಂ5ನಲ್ಲೂ ಜಿ ಮಾದರಿ ಕೊಳ್ಳುವವರು ಗಮನಿಸಿ: 8700ಜಿಯಲ್ಲಿ ಕಾರ್ಡಿಗೆ ಎಂಟೇ ಲೇನ್, 8500ಜಿಯಲ್ಲಿ ನಾಲ್ಕೇ. ಮುಂದೆ ದೊಡ್ಡ ಕಾರ್ಡ್ ಹಾಕುವ ಯೋಚನೆ ಇದ್ದರೆ 8500ಜಿ ನನ್ನ ಮಟ್ಟಿಗೆ ತಪ್ಪು ಆಯ್ಕೆ.

3.0 ಬೋರ್ಡಿಗೆ ಕಾರ್ಡ್ ಆರಿಸುವಾಗಲೂ ಎಚ್ಚರ. ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಿ ನಾಲ್ಕೇ ಲೇನ್. 4 ಜಿಬಿ ಮಾದರಿಯಲ್ಲಿ ಮೆಮೊರಿ ತುಂಬಿದ ಕೂಡಲೇ ಮಿಕ್ಕಿದ್ದನ್ನು ಸ್ಲಾಟಿನ ಮೂಲಕ ಕಂಪ್ಯೂಟರಿನ ರ‍್ಯಾಮಿನಿಂದ ಎಳೆಯಬೇಕು. ಆ ದಾರಿ 3.0 ಎಕ್ಸ್4 ಆದರೆ ಆಟ ಮುಗ್ಗರಿಸುತ್ತೆ. 16 ಲೇನಿನ ಕಾರ್ಡಿಗೆ 3.0 ಅಷ್ಟೇನೂ ಕಾಡಲ್ಲ.

ಪ್ರಶ್ನೆ: ಎಂ.2 ಎರಡೂ ತುಂಬಿವೆ. ಖಾಲಿ ಸ್ಲಾಟಿಗೆ ಅಡಾಪ್ಟರ್ ಕಾರ್ಡ್ ಹಾಕಿ ಇನ್ನೆರಡು ಎನ್‌ವಿಎಂಇ ಸೇರಿಸಬಹುದಾ? ನಾಲ್ಕು ಎಸ್‌ಎಸ್‌ಡಿ ಹಿಡಿಸುವ ಕಾರ್ಡ್ ನೋಡಿದೆ.

ಇನ್ನೊಬ್ಬ ತಜ್ಞರು: ಒಂದು ಎಸ್‌ಎಸ್‌ಡಿಯ ಅಡಾಪ್ಟರ್ ಆದರೆ ಎಕ್ಸ್4 ಸ್ಲಾಟಿಗೆ ಹಾಕಿ, ಏನೂ ತಲೆನೋವಿಲ್ಲ. ಎಕ್ಸ್1 ಸ್ಲಾಟಿಗೆ ಹೊಂದುವ ಅಡಾಪ್ಟರುಗಳೂ ಇವೆ, ಆದರೆ 3.0 ಒಂದು ಲೇನ್ ಅಂದರೆ 1 ಜಿಬಿಗಿಂತ ಸ್ವಲ್ಪ ಕಡಿಮೆ. ಸಾಟಾದ 550 ಎಂಬಿಗಿಂತ ಮೇಲು, ಸಂಗ್ರಹಕ್ಕೆ ಸಾಕು.

ನಾಲ್ಕರ ಕಾರ್ಡಿನಲ್ಲೇ ಜನ ಎಡವೋದು. ಲೇನ್ ಹಂಚುವ ಸ್ವಂತ ಸ್ವಿಚ್ ಚಿಪ್ ಇಲ್ಲದ ಅಗ್ಗದ ಕಾರ್ಡಾದರೆ, ಸ್ಲಾಟಿನ 16 ಲೇನನ್ನು ನಾಲ್ಕು ನಾಲ್ಕಾಗಿ ಬೋರ್ಡೇ ಒಡೆದು ಕೊಡಬೇಕು. ಬಯೋಸ್‌ನಲ್ಲಿ ಬೈಫರ್ಕೇಷನ್ ಅನ್ನೋ ಆಯ್ಕೆ ಅದಕ್ಕೇ. ಇಲ್ಲದಿದ್ದರೆ ಒಂದೇ ಎಸ್‌ಎಸ್‌ಡಿ ಕಾಣುತ್ತೆ. ಇಂಟೆಲ್ ಝಡ್690, ಝಡ್790ರಲ್ಲಿ 8+8 ಮಾತ್ರ ಸಾಧ್ಯ, ಹೆಚ್ಚೆಂದರೆ ಎರಡು ಕಾಣುತ್ತವೆ. ಬಿ660, ಬಿ760ರಲ್ಲಿ ಅದೂ ಇಲ್ಲ. ಅಲ್ಲದೆ ಅದನ್ನು ಮೇಲಿನ ಸ್ಲಾಟಿಗೆ ಹಾಕಿದರೆ ನಿಮ್ಮ ಗ್ರಾಫಿಕ್ಸ್ ಕಾರ್ಡ್ ಎಲ್ಲಿಗೆ ಹೋಗಬೇಕು? ಇನ್ನೆರಡು ಎನ್‌ವಿಎಂಇ ಬೇಕೇಬೇಕು ಅಂದರೆ ನಾಲ್ಕು ಎಂ.2 ಇರುವ ಬೋರ್ಡಿಗೆ ಹೋಗೋದೇ ವಾಸಿ.

ಇನ್ನೊಂದು, ಜಾಗ ಅಳೆದುಕೊಳ್ಳಿ. ಸ್ಲಾಟಿನಿಂದ ಸ್ಲಾಟಿಗೆ ಅಂತರ 20.32 ಮಿಮೀ. ಮೂರು ಸ್ಲಾಟ್ ದಪ್ಪದ ಗ್ರಾಫಿಕ್ಸ್ ಕಾರ್ಡ್ ಕೆಳಗಿನ ಎರಡು ಸ್ಥಾನಗಳನ್ನು ಮುಚ್ಚಿಬಿಡುತ್ತೆ. ಕಾಗದದ ಮೇಲೆ ಖಾಲಿ ಇರುವ ಸ್ಲಾಟ್ ಕೇಸಿನಲ್ಲಿ ಸಿಗದೇ ಹೋಗಬಹುದು.

ಪ್ರಶ್ನೆ: ಕಾರ್ಡನ್ನು ನೇರ ನಿಲ್ಲಿಸಲು ರೈಸರ್ ಕೇಬಲ್ (ಸ್ಲಾಟಿಗೂ ಕಾರ್ಡಿಗೂ ನಡುವಿನ ಪಟ್ಟಿ ಕೇಬಲ್) ಹಾಕಿದೆ, ಪರದೆ ಕಪ್ಪು.

ಉತ್ತರ: ಕೇಬಲ್ 3.0ದು, ಬೋರ್ಡ್ ಮತ್ತು ಕಾರ್ಡ್ 4.0 ಅಂತ ಕಾಣುತ್ತೆ. ಕಾರ್ಡನ್ನು ನೇರ ಸ್ಲಾಟಿಗೆ ಹಾಕಿ ಬಯೋಸ್‌ಗೆ ಹೋಗಿ, ಮೇಲಿನ ಸ್ಲಾಟಿನ ವೇಗವನ್ನು ಆಟೋದಿಂದ ಜೆನ್ 3ಕ್ಕೆ ಇಳಿಸಿ ಉಳಿಸಿ, ಆಫ್ ಮಾಡಿ ರೈಸರ್ ಹಾಕಿ. ಚಿತ್ರ ಬಂದರೆ ಕಾರಣ ಅದೇ. ಹಾಗೇ ಬಳಸಿ, ಇಲ್ಲವೇ 4.0 ಕೇಬಲ್ ತನ್ನಿ.