ಅಪ್ಪನ ನೋವನ್ನು ಫೋನ್ ಅಳೆಯುತ್ತದಾ?

ಹಾಸನದ ಮಗಳು:
ಅಪ್ಪನಿಗೆ ಕ್ಯಾನ್ಸರ್ ಮೂಳೆಗೆ ಹರಡಿದೆ. ಡಾಕ್ಟರು "ಸೊನ್ನೆಯಿಂದ ಹತ್ತರಲ್ಲಿ ಎಷ್ಟು ನೋವು?" ಅಂದರೆ "ಪರವಾಗಿಲ್ಲ, ಎರಡು" ಅನ್ನುತ್ತಾರೆ. ರಾತ್ರಿ ನೋಡಿದರೆ ಮಂಚದ ಅಂಚು ಹಿಡಿದು ಕೂತಿರುತ್ತಾರೆ. ಮುಖ ನೋಡಿಯೇ ನೋವು ಹೇಳುವ ಎಐ ಆ್ಯಪ್ ಇದೆಯಂತೆ. ಯಾರಾದರೂ ಬಳಸಿದ್ದೀರಾ?

ಕೋಡ್‌ಕುಳ:
ಆಸ್ಟ್ರೇಲಿಯಾದ ಪೇನ್‌ಚೆಕ್ ಇದೆ. ಹುಬ್ಬು ಗಂಟಿಕ್ಕುವುದು, ಕಣ್ಣು ಕಿರಿದಾಗುವುದು, ಇಂಥದ್ದನ್ನು ಕ್ಯಾಮೆರಾ ಹಿಡಿಯುತ್ತದೆ. ಆದರೆ ಅದನ್ನು ಮೊದಲು ಮಾಡಿದ್ದು ಮರೆವಿನ ಕಾಯಿಲೆಯಿಂದ ನೋವು ಹೇಳಿಕೊಳ್ಳಲಾಗದವರಿಗೆ. ಇಂಥ ಎಐಗೆ ನೋವಿನ ಮುಖ ಕಲಿಸೋಕೆ ಸಂಶೋಧಕರು ಜಾಸ್ತಿ ಬಳಸುವ 2011ರ ಒಂದು ವಿಡಿಯೋ ಸಂಗ್ರಹವಂತೂ ಭುಜನೋವಿನವರದ್ದು. ತಿಂಗಳುಗಟ್ಟಲೆ ನೋವು ನುಂಗಿದವರ ಮುಖ ಬೇರೆಯೇ ಅಲ್ವಾ?

ವಾರ್ಡಿನ ನರ್ಸ್:
ಅಕ್ಕ, ನಿಮ್ಮಪ್ಪನಂಥವರನ್ನು ದಿನಾ ನೋಡುತ್ತೇನೆ. ಜಾಸ್ತಿ ನೋವಿಗೆ ಕೊಡುವ ಮಾರ್ಫಿನ್ ಔಷಧಿ ಅಂದರೆ ಕೊನೆ ಬಂತು ಅಂತ ಹೆದರಿ "ಎರಡು" ಅನ್ನುವವರೂ ಇದ್ದಾರೆ. ಅಂಕಿ ಬಿಡಿ. ರಾತ್ರಿ ಎಷ್ಟು ಸಲ ಎದ್ದರು, ಯಾವ ಮಗ್ಗುಲಿಗೆ ಮಲಗಲಾಗಲ್ಲ, ಬರೆದು ಡಾಕ್ಟರಿಗೆ ತೋರಿಸಿ. ಬೆನ್ನುನೋವಿನ ಜೊತೆ ಕಾಲು ಸೋತರೆ, ಮೂತ್ರ ಕಟ್ಟಿದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಹಾಸನದ ಮಗಳು:
ನಿನ್ನೆ ಬರೆದೆ. ನಾಲ್ಕು ಸಲ. ಕೇಳಿದರೆ "ಸುಮ್ನೆ ನೀರು ಕುಡಿಯೋಕೆ ಎದ್ದಿದ್ದೆ" ಅಂದರು. ಚೊಂಬು ತುಂಬಿದ ಹಾಗೇ ಇತ್ತು.