ವಿದೇಶಿ ನೆರವಿನಲ್ಲಿ ಎಚ್‌ಐವಿ ನಾಯಕತ್ವ ತರಬೇತಿ: ಐದು ದಿನದ ಕಾರ್ಯಾಗಾರದ ಬದಲು ಏನು ಬರೆಯಬೇಕು?

ಘಟಪ್ರಭಾ (ಪ್ರಶ್ನೆ)

ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಈ ನಾಲ್ಕು ಜಿಲ್ಲೆಗಳಿಗೆ ಮೂರು ವರ್ಷದ ಯೋಜನೆಯ ಕರಡು ತಯಾರಾಗುತ್ತಿದೆ. ದುಡ್ಡು ಹೊರದೇಶದ್ದು. ಹೆಸರೇನೋ ‘ಎಚ್‌ಐವಿ ಕಾರ್ಯಕ್ರಮಕ್ಕೆ ನಾಯಕತ್ವ ಸಾಮರ್ಥ್ಯ ವರ್ಧನೆ’. ಒಳಗೆ ನೋಡಿದರೆ ವರ್ಷಕ್ಕೊಮ್ಮೆ 40 ಅಧಿಕಾರಿಗಳಿಗೆ ಬೆಂಗಳೂರಿನಲ್ಲಿ 5 ದಿನದ ವಸತಿ ಕಾರ್ಯಾಗಾರ, ಕೊನೆಗೊಂದು ಪ್ರಮಾಣಪತ್ರ, ಅಷ್ಟೇ. 2025ರ ಜನವರಿಯಲ್ಲಿ ಅಮೆರಿಕ ತನ್ನ ನೆರವನ್ನು ಒಮ್ಮೆಲೇ ತಡೆಹಿಡಿದ ಮೇಲೆ, ದಾನಿ ಹೋದರೂ ನಿಲ್ಲುವಂಥದ್ದನ್ನೇ ಬರೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಎಂದು ಯಾರೂ ಹೇಳುವುದಿಲ್ಲ.

ಕರಡು ತಿದ್ದಲು ಇನ್ನೂ ಅವಕಾಶವಿದೆ. ಕಾರ್ಯಾಗಾರದ ಬದಲು ಏನು ಹಾಕಬೇಕು? ಆವಾಹನ್‌ನಂಥ ಹಿಂದಿನ ದೊಡ್ಡ ಎಚ್‌ಐವಿ ತಡೆ ಯೋಜನೆಗಳಿಂದ ಈ ವಿಷಯದಲ್ಲಿ ತೆಗೆದುಕೊಳ್ಳಬೇಕಾದ್ದೇನು? ‘ತರಬೇತಿ ಪಡೆದವರ ಸಂಖ್ಯೆ’ ಬಿಟ್ಟು ಬೇರೆ ಯಾವುದನ್ನು ಅಳೆಯಬಹುದು?

ಕಡತಯಾತ್ರೆ

ಮೊದಲು ಒಂದು ಹಳೆಯ ಲೆಕ್ಕ. ವಿಶ್ವಬ್ಯಾಂಕಿನ ಸಾಲದಲ್ಲಿ 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ದೊಡ್ಡ ತೊಡಕು ಜ್ಞಾನದ್ದಲ್ಲ, ಹಣ ರಾಜ್ಯ ಖಜಾನೆಯಲ್ಲಿ ಸಿಕ್ಕಿಬೀಳುತ್ತಿದ್ದದ್ದು. ತಮಿಳುನಾಡು 1994ರಲ್ಲಿ ನೋಂದಾಯಿತ ಸೊಸೈಟಿ ಮಾಡಿ, ಅದಕ್ಕೊಬ್ಬ ಯೋಜನಾ ನಿರ್ದೇಶಕರನ್ನು ಕೂರಿಸಿ, ಹಣ ನೇರ ಬರುವಂತೆ ಮಾಡಿಕೊಂಡಿತು. ಆಮೇಲೆ ಉಳಿದ ರಾಜ್ಯಗಳೂ ಅದೇ ದಾರಿ ಹಿಡಿದವು. ನಮ್ಮ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ 1997ರ ಡಿಸೆಂಬರಿನದು. ಹಣ 2014-15ರಲ್ಲಿ ಮತ್ತೆ ಖಜಾನೆ ದಾರಿ ಹಿಡಿದಾಗ ಸಂಬಳ ತಿಂಗಳುಗಟ್ಟಲೆ ತಡವಾಯಿತು. ಅಧಿಕಾರಿಗಳು ಮೊದಲಿನವರೇ, ಅವರ ತರಬೇತಿಯೂ ಮೊದಲಿನದೇ. ಸಹಿ ಯಾರದು, ಹಣ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ಮುಟ್ಟದ ನಾಯಕತ್ವ ತರಬೇತಿ ಬರೀ ಭಾಷಣ.

ಐದು ದಿನದ ಕಾರ್ಯಾಗಾರ ಯಾಕೆ ಸೋಲುತ್ತದೆ ಎಂದರೆ, ಜಿಲ್ಲೆಯಲ್ಲಿ ಏಡ್ಸ್ ಮತ್ತು ಕ್ಷಯ ಎರಡನ್ನೂ ಒಬ್ಬರೇ ವೈದ್ಯಾಧಿಕಾರಿ ನೋಡಿಕೊಳ್ಳುವುದೇ ಹೆಚ್ಚು. ವಾರಪೂರ್ತಿ ಅವರು ಬಿಡುವಾಗುವುದಿಲ್ಲ. ತಮ್ಮ ಬದಲು ಇನ್ನೊಬ್ಬರನ್ನು ಕಳಿಸುತ್ತಾರೆ. ಬಂದವರಿಗೂ ವರ್ಷ ತುಂಬುವುದರೊಳಗೆ ವರ್ಗಾವಣೆ. ಇನ್ನು ದಾನಿಯ ಭತ್ಯೆ ಸರ್ಕಾರಿ ಟಿಎ-ಡಿಎಗಿಂತ ಹೆಚ್ಚಿದ್ದರೆ ಕೆಲಸಕ್ಕೆ ಬೇಕಾದವರು ಬರುವುದಿಲ್ಲ, ಭತ್ಯೆ ಬೇಕಾದವರು ಬರುತ್ತಾರೆ. ಸರ್ಕಾರಿ ದರವನ್ನೇ ಇಡಿ.

ಕರಡಿನಲ್ಲಿ ಹೀಗೆ ಬರೆಯಬಹುದು. ಜಿಲ್ಲೆಗೆ 5 ಜನ: ಆ ವೈದ್ಯಾಧಿಕಾರಿ, ಡ್ಯಾಪ್ಕು ಎಂಬ ಜಿಲ್ಲಾ ಏಡ್ಸ್ ತಡೆ ಮತ್ತು ನಿಯಂತ್ರಣ ಘಟಕದ ಮೇಲ್ವಿಚಾರಕರು (ಈಗ ದಿಶಾ ಘಟಕವಾಗಿರುವಲ್ಲಿ ಅದರ ಮುಖ್ಯಸ್ಥರು), ಎಆರ್‌ಟಿ (ಎಚ್‌ಐವಿ ಔಷಧ ಚಿಕಿತ್ಸೆ) ಕೇಂದ್ರದ ವೈದ್ಯರು, ಒಬ್ಬ ಅನುಭವಿ ಆಪ್ತ ಸಮಾಲೋಚಕರು, ಒಬ್ಬ ಸಮುದಾಯ ಸಂಘಟನೆಯ (ಸೋಂಕಿನ ಅಪಾಯ ಹೆಚ್ಚಿರುವವರೇ ಕಟ್ಟಿಕೊಂಡ ಸಂಘ) ಪದಾಧಿಕಾರಿ. ಒಬ್ಬೊಬ್ಬರನ್ನೇ ಕರೆಯಬೇಡಿ, ಜಿಲ್ಲೆಯ ತಂಡವನ್ನೇ ಕರೆಯಿರಿ. ಒಬ್ಬರಿಗೆ ವರ್ಗವಾದರೂ ನಾಲ್ವರು ಉಳಿಯುತ್ತಾರೆ. ನಾಮನಿರ್ದೇಶನ ಹುದ್ದೆಯ ಮೇಲೆ ಆಗಲಿ, ಹೆಸರಿನ ಮೇಲೆ ಬೇಡ. ಆದೇಶ ಸೊಸೈಟಿಯ ಯೋಜನಾ ನಿರ್ದೇಶಕರಿಂದ ಹೊರಡಲಿ, ಅದರ ನಕಲು ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಮತ್ತು ಜಿಲ್ಲಾ ಪಂಚಾಯತ್ ಸಿಇಒ ಇಬ್ಬರಿಗೂ ಹೋಗಲಿ. ದಾನಿಯ ಲೆಟರ್‌ಹೆಡ್ಡಿನಲ್ಲಿ ಬಂದ ಪತ್ರಕ್ಕೆ ಜಿಲ್ಲೆಯಲ್ಲಿ ತೂಕವಿಲ್ಲ.

ಮೊದಲು 2 ದಿನ ತರಗತಿ. ಆಮೇಲೆ 6 ವಾರ ತಮ್ಮ ಜಿಲ್ಲೆಯ ಒಂದೇ ಒಂದು ತೊಡಕಿನ ಮೇಲೆ ಕೆಲಸ. ಆಮೇಲೆ 1 ದಿನ ಜಿಲ್ಲೆಯಲ್ಲೇ ಕೂತು ವಿಮರ್ಶೆ. ಇಂಥ ಸುತ್ತು ವರ್ಷಕ್ಕೆ ನಾಲ್ಕು ಸಾಕು. ತೊಡಕು ಸಣ್ಣದಾಗಿ, ಎಣಿಸುವಂತಿರಲಿ: ಐಸಿಟಿಸಿಯಲ್ಲಿ (ಸರ್ಕಾರಿ ಎಚ್‌ಐವಿ ಸಮಾಲೋಚನೆ-ಪರೀಕ್ಷಾ ಕೇಂದ್ರ) ಸೋಂಕು ಖಚಿತವಾದವರಲ್ಲಿ ಎಷ್ಟು ಜನ ಎಆರ್‌ಟಿ ಕೇಂದ್ರದಲ್ಲಿ ನೋಂದಣಿಯಾಗಿಲ್ಲ, ಚಿಕಿತ್ಸೆ ಶುರುವಾಗಿ 6 ತಿಂಗಳಾದರೂ ಎಷ್ಟು ಜನರ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪರೀಕ್ಷೆ ಆಗಿಲ್ಲ, ಒಂದು ಕೇಂದ್ರದಲ್ಲಿ ಕಿಟ್ ಮುಗಿದಿರುವಾಗ ಪಕ್ಕದ ತಾಲ್ಲೂಕಿನಲ್ಲಿ ಅವಧಿ ಮೀರುತ್ತಿರುವುದೆಷ್ಟು. ಸಭೆಯ ಹಾಳೆಯಲ್ಲಿ ಸಂಖ್ಯೆ ಮಾತ್ರ ಇರಲಿ, ರೋಗಿಯ ಹೆಸರು ಬೇಡವೇ ಬೇಡ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಗೋಪ್ಯತೆ ಮುರಿದರೆ ಅದು ಬರೀ ಅಶಿಸ್ತಲ್ಲ.

ಉಗಾಂಡದ ಮಾದರಿ ಓದಿಕೊಳ್ಳಿ. ಮಕೆರೆರೆ ವಿಶ್ವವಿದ್ಯಾಲಯ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಜೊತೆ 2002ರಲ್ಲಿ ಶುರುಮಾಡಿದ ಎರಡು ವರ್ಷದ ಫೆಲೋಶಿಪ್‌ನಲ್ಲಿ ಕಾಲು ಪಾಲು ಸಮಯ ಓದು, ಮುಕ್ಕಾಲು ಪಾಲು ಒಂದು ನೈಜ ಸಂಸ್ಥೆಯೊಳಗೆ ಕೆಲಸ. ಆ ಅನುಪಾತವನ್ನು ಎತ್ತಿಕೊಳ್ಳಿ, ಎರಡು ವರ್ಷದ ಅವಧಿಯನ್ನಲ್ಲ. ನಮ್ಮಲ್ಲಿ ಹುದ್ದೆ ಖಾಲಿಬಿಟ್ಟು ಎರಡು ವರ್ಷ ಯಾರನ್ನೂ ಕಳಿಸುವುದಿಲ್ಲ.

ತುಂಗೆಯ ತಿರುವು

ಆವಾಹನ್ ಬಗ್ಗೆ. ಗೇಟ್ಸ್ ಫೌಂಡೇಷನ್ 2003ರಲ್ಲಿ ಆರು ರಾಜ್ಯಗಳಲ್ಲಿ ಶುರುಮಾಡಿದ್ದು. ಕರ್ನಾಟಕದಲ್ಲಿ ಅದನ್ನು ನಡೆಸಿದವರಲ್ಲಿ ಮುಖ್ಯರು ಅದೇ ವರ್ಷ ಏಡ್ಸ್ ಸೊಸೈಟಿ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಸೇರಿ ಕಟ್ಟಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್. ಅದಕ್ಕೂ ಮೊದಲೇ ಕೆನಡಾ ಸರ್ಕಾರದ ನೆರವಿನ ಯೋಜನೆ ಬಾಗಲಕೋಟೆಯ ಹಳ್ಳಿಗಳಲ್ಲಿ ಕೆಲಸ ಮಾಡಿತ್ತು, ಹಾಗಾಗಿ ನಿಮ್ಮ ನಾಲ್ಕರಲ್ಲಿ ಒಂದು ಜಿಲ್ಲೆಗೆ ಇದು ಹೊಸ ಮಾತಲ್ಲ.

ಕಲಿಯಬೇಕಾದದ್ದು ಹಸ್ತಾಂತರದಿಂದ. ಯೋಜನೆಗಳನ್ನು ಒಂದೇ ಏಟಿಗೆ ಸರ್ಕಾರಕ್ಕೆ ಕೊಡಲಿಲ್ಲ: ಸುಮಾರು 10% 2009ರಲ್ಲಿ, 20% 2011ರಲ್ಲಿ, ಉಳಿದ 70% 2012ರಲ್ಲಿ. ಮೊದಲ ಸುತ್ತಿನಲ್ಲಿ ಎಡವಿದ್ದನ್ನು ನಂತರದ ಸುತ್ತುಗಳಲ್ಲಿ ಸರಿಮಾಡಿಕೊಂಡರು. ಹಸ್ತಾಂತರಕ್ಕೆ ಮುಂಚೆಯೇ ಸಿಬ್ಬಂದಿ ಸಂಖ್ಯೆ, ಸಂಬಳ, ವರದಿ ನಮೂನೆಗಳನ್ನು ಸರ್ಕಾರಿ ಮಾನದಂಡಕ್ಕೆ ಇಳಿಸಿದರು. ಇದು ಕೇಳಲು ಸುಲಭ, ಮಾಡುವಾಗ ನೋವಿನದು. ದಾನಿಯ ಕಾಲದಲ್ಲಿ ಸಂಸ್ಥೆ ತಾನೇ ನಡೆಸುತ್ತಿದ್ದ ಚಿಕಿತ್ಸಾಲಯ ಹೋಗಿ ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದುಕೊಡುವ ಪದ್ಧತಿ ಬಂದರೆ ಕೆಲವರು ಬರುವುದನ್ನೇ ಬಿಡುತ್ತಾರೆ. ಇದನ್ನು ಮೊದಲೇ ಊಹಿಸಿ ಜೊತೆಗೊಬ್ಬರನ್ನು ಕಳಿಸುವ ವ್ಯವಸ್ಥೆ ಮಾಡುವುದೇ ನಾಯಕತ್ವ. ಸರ್ಕಾರದ ಕಂತು ತಡವಾದಾಗ ಸಂಬಳ ನಡೆಸಲು ಕೈಯಲ್ಲಿ ಸ್ವಲ್ಪ ಹಣ ಇಟ್ಟುಕೊಂಡಿದ್ದ ಸಂಸ್ಥೆಗಳು ಉಸಿರಾಡಿದವು.

ನಿಮ್ಮ ಕರಡಿನಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಬೇರೆ. 40 ಜನರಲ್ಲಿ ಪೀರ್‌ಗಳು, ಅಂದರೆ ಸಮುದಾಯದೊಳಗಿಂದಲೇ ಬಂದ ಕಾರ್ಯಕರ್ತರು, ಎಲ್ಲಿದ್ದಾರೆ? ರಾಷ್ಟ್ರೀಯ ಮಾನದಂಡದಲ್ಲಿ 60 ಲೈಂಗಿಕ ಕಾರ್ಯಕರ್ತೆಯರಿಗೆ ಒಬ್ಬ ಪೀರ್ ಎಜುಕೇಟರ್, 250 ಜನರಿಗೆ ಒಬ್ಬ ಔಟ್‌ರೀಚ್ ವರ್ಕರ್. 1,000 ಜನರ ಒಂದು ಯೋಜನೆಯಲ್ಲಿ ಸುಮಾರು 17 ಪೀರ್‌ಗಳು, 4 ಔಟ್‌ರೀಚ್ ವರ್ಕರ್‌ಗಳು. ಅಧಿಕಾರಿಗಳ ಹಾಗೆ ಇವರಿಗೆ ವರ್ಗಾವಣೆ ಇಲ್ಲ. ಆವಾಹನ್‌ನಲ್ಲಿ ಓದು ಬಾರದ ಪೀರ್‌ಗಳೂ ಚಿತ್ರಗಳಿರುವ ಹಾಳೆಯಲ್ಲಿ ತಮ್ಮ ವಾರದ ಲೆಕ್ಕ ತಾವೇ ಇಡುತ್ತಿದ್ದರು: ಯಾರನ್ನು ಕಂಡೆ, ಯಾರಿಗೆ ಎಷ್ಟು ಕಾಂಡೋಮ್ ಬೇಕು, ಯಾರು ಕ್ಲಿನಿಕ್ಕಿಗೆ ಬಂದಿಲ್ಲ, ಯಾರಿಗೆ ಹೊಡೆತ ಬಿದ್ದಿದೆ. ಆ ಹಾಳೆ ಅವರ ಕೈಯಲ್ಲಿದ್ದರೆ ಅವರೇ ಯೋಜನೆ ಮಾಡುತ್ತಾರೆ. ಅದನ್ನು ಕಸಿದು ಕಂಪ್ಯೂಟರ್ ನಮೂದಿಗೆ ಕೊಟ್ಟ ದಿನವೇ ಅವರು ಬರೀ ಮಾಹಿತಿ ಹೊತ್ತು ತರುವವರಾಗುತ್ತಾರೆ. ಮೈಸೂರಿನ ಅಶೋದಯ ಸಮಿತಿ ಲೈಂಗಿಕ ಕಾರ್ಯಕರ್ತರದ್ದೇ ಸಂಸ್ಥೆ, ಈಗ ಬೇರೆ ದೇಶದವರಿಗೂ ಕಲಿಸುತ್ತದೆ. ಬೆಂಗಳೂರಿನ ಹೋಟೆಲಿನ ಬದಲು ಅಲ್ಲಿಗೆ 3 ದಿನ ಕಳಿಸಿ, ಅಧಿಕಾರಿಗಳನ್ನೂ ಸೇರಿಸಿ.

ಖಾತೆಕಿರ್ದಿ

ಮೇಲಿನ ಇಬ್ಬರ ಮಾತೂ ಸರಿ, ಆದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಬಗ್ಗೆ ಯಾರೂ ಹೇಳಲಿಲ್ಲ. 2020ರ ತಿದ್ದುಪಡಿಯ ನಂತರ ವಿದೇಶಿ ಹಣವನ್ನು ಒಂದು ಸಂಸ್ಥೆ ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ; ಆ ಸಂಸ್ಥೆಗೂ ಎಫ್‌ಸಿಆರ್‌ಎ ನೋಂದಣಿ ಇದ್ದರೂ ಅಷ್ಟೇ. ಅಂದರೆ ‘ಬೆಂಗಳೂರಿನ ಸಂಸ್ಥೆ ಜಿಲ್ಲೆಯ ಸಮುದಾಯ ಸಂಘಟನೆಗೆ ಉಪ-ಅನುದಾನ ಕೊಡುತ್ತದೆ’ ಎಂಬ ಸಾಲು ಕರಡಿನಲ್ಲಿದ್ದರೆ ಇವತ್ತೇ ಹೊಡೆದುಹಾಕಿ. ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಆಡಳಿತ ವೆಚ್ಚದ ಮಿತಿ 50%ರಿಂದ 20%ಕ್ಕೆ ಇಳಿದಿದೆ.

ನಾಯಕತ್ವ ಯೋಜನೆಗಳು ಬೀಳುವುದು ಈ 20%ರಲ್ಲೇ, ಯಾಕೆಂದರೆ ಖರ್ಚಿನಲ್ಲಿ ಬಹುಪಾಲು ಸಂಬಳ, ಪ್ರಯಾಣ, ಕಚೇರಿ ಬಾಡಿಗೆ. ಯಾವ ಸಂಬಳ ಕಾರ್ಯಕ್ರಮಕ್ಕೆ, ಯಾವುದು ಆಡಳಿತಕ್ಕೆ ಎಂದು ಹುದ್ದೆವಾರು ಮೊದಲೇ ಬರೆದು, ನೇಮಕಾತಿ ಪತ್ರದಲ್ಲೂ ಅದೇ ಕೆಲಸದ ವಿವರ ಹಾಕಿ, ಲೆಕ್ಕಪರಿಶೋಧಕರಿಗೆ ಮಾರ್ಚಿನಲ್ಲಲ್ಲ, ಬಜೆಟ್ ಹಂತದಲ್ಲೇ ತೋರಿಸಿ. ‘ಯೋಜನಾ ಸಂಯೋಜಕ’ ಎಂಬ ಗೊಂದಲದ ಹೆಸರು ಬೇಡ. ‘ಕ್ಷೇತ್ರ ತರಬೇತುದಾರ’ ಎಂದರೆ ಕೆಲಸವೂ ಅದೇ ಆಗಿರಲಿ.

ಘಟಪ್ರಭಾ

ಉಪ-ಅನುದಾನದ ಸಾಲು ಇತ್ತು, ತೆಗೆದಾಯಿತು. ಧನ್ಯವಾದ ಸರ್. ಅಳತೆಯ ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ದಾನಿಗಳು ಮೂರೇ ಸೂಚಕ ಕೇಳುತ್ತಿದ್ದಾರೆ.

ಕಡತಯಾತ್ರೆ

ಮೂರೇ ಆದರೆ ಇವು:

ಮೊದಲನೆಯದು, ಜಿಲ್ಲಾ ಮಾಸಿಕ ಸಭೆಯಲ್ಲಿ ತೀರ್ಮಾನವಾದ ಕ್ರಮಗಳಲ್ಲಿ ಮುಂದಿನ ಸಭೆಯೊಳಗೆ ಮುಗಿದದ್ದು ಎಷ್ಟು ಪಾಲು. ಇದಕ್ಕೆ ನಡಾವಳಿ ಸಾಕು, ಸಮೀಕ್ಷೆ ಬೇಡ. ಪ್ರತಿ ಕ್ರಮದ ಮುಂದೆ ಒಂದು ಹುದ್ದೆ, ಒಂದು ತಾರೀಖು ಇರಬೇಕು. ‘ಸಂಬಂಧಪಟ್ಟವರು ಕ್ರಮ ಕೈಗೊಳ್ಳುವುದು’ ಎಂದು ಬರೆದರೆ ಅದನ್ನು ಮುಗಿಯದ ಲೆಕ್ಕಕ್ಕೇ ಸೇರಿಸಿ.

ಎರಡನೆಯದು, ಸೋಂಕು ಖಚಿತವಾದ ದಿನದಿಂದ ಎಆರ್‌ಟಿ ಶುರುವಾದ ದಿನದವರೆಗಿನ ಮಧ್ಯಾಂಕ ಅವಧಿ (ಎಲ್ಲರ ದಿನಗಳನ್ನು ಏರಿಕೆ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವುದು). ಸರಾಸರಿ ಬೇಡ, ವರ್ಷದ ನಂತರ ಬಂದ ಒಬ್ಬರಿಂದ ಇಡೀ ಲೆಕ್ಕ ಕೆಡುತ್ತದೆ. ಬಾರದೇ ಹೋದವರನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ, ಇಲ್ಲದಿದ್ದರೆ ಅವರು ಲೆಕ್ಕದಿಂದಲೇ ಮಾಯವಾಗುತ್ತಾರೆ.

ಮೂರನೆಯದು, ಮುಖ್ಯ ಅಧಿಕಾರಿ ಬದಲಾದ ನಂತರದ ಮೂರು ತಿಂಗಳಲ್ಲಿ ಸಭೆ ತಪ್ಪದೆ ನಡೆಯಿತೇ ಎಂಬುದು. ನಾಲ್ಕು ಜಿಲ್ಲೆ, ಮೂರು ವರ್ಷ. ವರ್ಗಾವಣೆ ಆಗದೇ ಇರುವುದಿಲ್ಲ, ಹಾಗಾಗಿ ಅಳೆಯಲು ಅವಕಾಶ ಬೇಕಾದಷ್ಟು ಸಿಗುತ್ತದೆ.

ತುಂಗೆಯ ತಿರುವು

ಮೇಡಂ, ಬಜೆಟ್ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ದಾನಿಯ ಹಣದಲ್ಲಿ ಜಿಲ್ಲೆಗೆ ಹೊಸ ಹುದ್ದೆ ಹಾಕಲೇಬೇಡಿ. ರಾಷ್ಟ್ರೀಯ ಏಡ್ಸ್ ಕಾರ್ಯಕ್ರಮದ 2021-26ರ ಐದನೇ ಹಂತದ ₹15,471.94 ಕೋಟಿ ಪೂರ್ತಿ ಕೇಂದ್ರ ಸರ್ಕಾರದ್ದು. ಅದರಲ್ಲಿ ಮಂಜೂರಾಗದ ಹುದ್ದೆಯನ್ನು ನಿಮ್ಮ ಮೂರನೇ ವರ್ಷ ಮುಗಿದ ಮೇಲೆ ಯಾರೂ ಹೊರುವುದಿಲ್ಲ. ಹೆಚ್ಚಿನ ಸಂಬಳದ ಆಸೆಗೆ ಒಳ್ಳೆಯ ಸಮಾಲೋಚಕರು ನಿಮ್ಮ ಕಡೆ ಬಂದರೆ ಐಸಿಟಿಸಿಯ ಕುರ್ಚಿ ಖಾಲಿ. ಕ್ಷೇತ್ರ ತರಬೇತುದಾರರು ಎರಡು ಜಿಲ್ಲೆಗೆ ಒಬ್ಬರಂತೆ ಇಬ್ಬರೇ ಸಾಕು. ಮೊದಲ ವರ್ಷ ಸಭೆಯ ಹಾಳೆಯನ್ನು ಅವರು ತಯಾರಿಸಲಿ, ಎರಡನೇ ವರ್ಷ ಡ್ಯಾಪ್ಕು ಸಿಬ್ಬಂದಿ ತಯಾರಿಸಿದ್ದನ್ನು ತಿದ್ದಲಿ, ಮೂರನೇ ವರ್ಷ ಮೂರು ತಿಂಗಳಿಗೊಮ್ಮೆ ಮಾತ್ರ ಬರಲಿ. ಅವರ ಪ್ರಯಾಣ ವೆಚ್ಚದ ಸಾಲೂ ವರ್ಷದಿಂದ ವರ್ಷಕ್ಕೆ ಅದೇ ಲೆಕ್ಕದಲ್ಲಿ ಇಳಿಯಬೇಕು.