ಆಂಜಿಯೋ ನಾರ್ಮಲ್, ಎದೆನೋವು ಮಾತ್ರ ಹೋಗಿಲ್ಲ

ಹಾಸನದ ಸದಸ್ಯೆ: ನಮಸ್ತೆ ಡಾಕ್ಟ್ರೇ. ಅಮ್ಮನಿಗೆ 54. ಬೆಳಗಿನ ಜಾವ ನಾಲ್ಕಕ್ಕೆ ಎದೆ ಹಿಂಡಿ ಎದ್ದು ಕೂರುತ್ತಾರೆ. ಸೆರಗು ಮುದ್ದೆ ಮಾಡಿ ಎದೆಗೆ ಒತ್ತಿ ಹಿಡಿಯುತ್ತಾರೆ. ಐದಾರು ನಿಮಿಷಕ್ಕೆ ತಾನೇ ಇಳಿಯುತ್ತದೆ. ಹಗಲು ಬಾವಿಯಿಂದ ನೀರು ಸೇದಿದರೂ ನೋವಿಲ್ಲ. ಆಂಜಿಯೋ ನಾರ್ಮಲ್. ಟೆನ್ಷನ್ ಅಂತ ಹೇಳಿ ಕಳಿಸಿಬಿಟ್ಟರು.

ಡಾಕ್ಟರ್: ಸುಮ್ನೆ ಟೆನ್ಷನ್ ಅಂದು ಬಿಡುವ ಹಾಗಿಲ್ಲ. ಆಂಜಿಯೋದಲ್ಲಿ ಕಾಣುವುದು ಹೃದಯದ ದೊಡ್ಡ ರಕ್ತನಾಳಗಳು ಮಾತ್ರ, ಅದೂ ಆ ಹೊತ್ತಿಗೆ ಇದ್ದ ಹಾಗೆ. ಅರ್ಧ ಮಿಲಿಮೀಟರಿಗಿಂತ ಸಣ್ಣವು ಕಾಣುವುದಿಲ್ಲ. ಆ ಸಣ್ಣ ನಾಳಗಳು ಸರಿಯಾಗಿ ಹಿಗ್ಗದಿದ್ದರೆ ಬ್ಲಾಕ್ ಇಲ್ಲದೆಯೂ ನೋವು ಬರುತ್ತದೆ, ಹೆಚ್ಚಾಗಿ ನಡೆಯುವಾಗ, ಮೆಟ್ಟಿಲು ಹತ್ತುವಾಗ. ನಿಮ್ಮ ಅಮ್ಮನದು ಬೇರೆ ಥರ ಇದೆ. ಮಲಗಿದ್ದಾಗ, ಅದೂ ಜಾವದಲ್ಲಿ ಬರುತ್ತಿದೆ. ದೊಡ್ಡ ನಾಳವೇ ಸ್ವಲ್ಪ ಹೊತ್ತು ಬಿಗಿದುಕೊಂಡು ಆಮೇಲೆ ಸಡಿಲ ಆಗುತ್ತಿರಬಹುದು. ಪ್ರಿನ್ಜ್‌ಮೆಟಲ್ ಎಂಬ ವೈದ್ಯರು 1959ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ನೋವು ಇರುವಾಗಲೇ ಇಸಿಜಿ ತೆಗೆದರೆ ಗೊತ್ತಾಗಬಹುದು. ಕೆಲವು ಕಡೆ ಆಂಜಿಯೋ ಮಾಡುವಾಗಲೇ ಅಸಿಟೈಲ್‌ಕೋಲಿನ್ ಎಂಬ ಔಷಧಿ ಕೊಟ್ಟು ನಾಳ ಬಿಗಿಯುತ್ತದೆಯೇ ಎಂದು ನೋಡುತ್ತಾರೆ. ಅಮ್ಮ ದಿನಾ ಯಾವ ಮಾತ್ರೆ ತಗೊಳ್ತಾರೆ? ಎಲ್ಲ ಬರೆಯಿರಿ.

ಮಂಡ್ಯದ ಸದಸ್ಯ: ನನ್ನದೂ ನಾರ್ಮಲ್. ಇನ್ನು ಭಯವಿಲ್ಲ ಅಲ್ವಾ ಸರ್?

ಡಾಕ್ಟರ್: ನೋವಿದ್ದರೆ ಮತ್ತೆ ತೋರಿಸಿ. ಮೇಲೆ ಬರೆದಿದ್ದೇನೆ.

ಸಾಗರದ ಸದಸ್ಯೆ: ಸಿಟಿ ಆಂಜಿಯೋದಲ್ಲಿ ಇದು ಕಾಣುತ್ತಾ?

ತುಮಕೂರಿನ ಸದಸ್ಯ: ಎದೆನೋವು ಬಂದ ತಕ್ಷಣ ಜೋರಾಗಿ ಉಸಿರೆಳೆದು ಕೆಮ್ಮುತ್ತಾ ಇರಿ. ಆಮೇಲೆ ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿ ಜೇನು ಹಾಕಿ ಕುಡಿಯಿರಿ. ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ದಯವಿಟ್ಟು ಇದನ್ನು ಅಳಿಸಿ. ಒಂದೇ ಸಮನೆ ಜೋರಾಗಿ ಉಸಿರಾಡಿದರೆ ಕೆಲವರಿಗೆ ನಾಳ ಇನ್ನೂ ಬಿಗಿಯುತ್ತದೆ. ಕಷಾಯ ಕಾಯಿಸುತ್ತಾ ಕೂತರೆ ಆಸ್ಪತ್ರೆಗೆ ಹೋಗುವ ಹೊತ್ತು ಮೀರುತ್ತದೆ.

ತುಮಕೂರಿನ ಸದಸ್ಯ: ನಮ್ಮ ಚಿಕ್ಕಪ್ಪನಿಗೆ ಗುಣ ಆಗಿದೆ. ಇಂಗ್ಲಿಷ್ ಮಾತ್ರೆಯವರಿಗೆ ಹಿಡಿಸಲ್ಲ ಬಿಡಿ.

ಮಂಡ್ಯದ ಸದಸ್ಯ: ಅವರದು ಗ್ಯಾಸ್ ಅಂತ ನೀವೇ ಹೋದ ವಾರ ಹೇಳಿದ್ರಲ್ರೀ?

ತುಮಕೂರಿನ ಸದಸ್ಯ: ನಿಮ್ಮನ್ನು ಯಾರು ಕೇಳಿದ್ದು?

ಮೈಸೂರಿನ ಸದಸ್ಯೆ: ಡಾಕ್ಟ್ರೇ, ನನಗೂ ಆಂಜಿಯೋ ನಾರ್ಮಲ್, ಆದರೂ ನೋವು...

ಡಾಕ್ಟರ್: ಮೇಲೆ ಓದಿ. ಜಗಳ ಮಾಡುವವರು ಹೊರಗೆ ಮಾಡಿಕೊಳ್ಳಿ.

ಹಾಸನದ ಸದಸ್ಯೆ: ಮೈಗ್ರೇನ್‌ಗೆ ಪ್ರೊಪ್ರನೊಲಾಲ್, ಆರು ತಿಂಗಳಿಂದ. ಎದೆನೋವು ಶುರುವಾಗಿದ್ದೂ ಆಮೇಲೇ.

ಡಾಕ್ಟರ್: ಇದೇ ನನಗೆ ಬೇಕಿದ್ದದ್ದು. ನಾಳ ಬಿಗಿಯುವವರಿಗೆ ಆ ಮಾತ್ರೆಯಿಂದ ನೋವು ಜಾಸ್ತಿ ಆಗಬಹುದು. ಹಾಗಂತ ನೀವೇ ದಿಢೀರ್ ನಿಲ್ಲಿಸಬೇಡಿ, ಅದೂ ಅಪಾಯ. ನಾಳೆಯೇ ಚೀಟಿ ಹಿಡಿದು ಹೃದಯದ ಡಾಕ್ಟರ ಹತ್ತಿರ ಹೋಗಿ. ನಾಳ ಸಡಿಲಿಸುವ ಡಿಲ್ಟಿಯಾಜೆಮ್ ಥರದ ಮಾತ್ರೆಗೆ ಬದಲಿಸಬಹುದೇ ಎಂದು ಅವರನ್ನೇ ಕೇಳಿ. ಇವತ್ತು ರಾತ್ರಿ ನೋವು ಹತ್ತು ನಿಮಿಷ ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ.